ಎರಡು ನೌಕರಿಯೂ ಒಂದೇ ವಿನಾಯಿತಿಯೂ

ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಬ್ರಿಟನ್ ದೇಶದ ಆಸ್ಪತ್ರೆಗಳಲ್ಲಿಯೂ ವೃದ್ಧರ ಆರೈಕೆಯ ಗೃಹಗಳಲ್ಲಿಯೂ ಕೆಲಸಕ್ಕೆ ಸೇರಿದವರ ಸಂಖ್ಯೆಯು ಈಚೆಗೆ ಹೆಚ್ಚುತ್ತ ಬಂದಿರುವುದು. ಉನ್ನತ ವ್ಯಾಸಂಗಕ್ಕೆಂದು ಹೋಗಿ, ಓದಿನ ಜೊತೆಗೆ ಅಂಗಡಿಗಳಲ್ಲಿ ಕೆಲವು ಗಂಟೆಗಳ ಕಾಲ ದುಡಿಯುವವರೂ ಉಂಟು. ಇವರು ಬರೆಯುವ ಓಲೆಗಳಲ್ಲಿಯೂ, ಇವರ ತಾಯಿತಂದೆಗಳು ಶಾಲೆಗೆ ಬಂದಾಗ ಆಡುವ ಮಾತುಗಳಲ್ಲಿಯೂ ಒಂದು ದೂರು ಪದೇ ಪದೇ ಕೇಳಿಬರುತ್ತದೆ: “ಎರಡನೆಯ ನೌಕರಿಯ ಸಂಬಳವನ್ನೆಲ್ಲ ತೆರಿಗೆಯೇ ನುಂಗಿಬಿಡುತ್ತದೆ, ದುಡಿದು ಫಲವೇನು?” ಈ ಮಾತು ನಿಜವಲ್ಲ. ಆದರೆ ನಿಜವಲ್ಲದ ಮಾತೂ ನಂಬಿದವರಿಗೆ ನಿಜವಾದ ನಷ್ಟವನ್ನೇ ಉಂಟುಮಾಡಬಲ್ಲದು.

ಹೋದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಶನಿವಾರಗಳಂದು ಮಾಡುತ್ತಿದ್ದ ಎರಡನೆಯ ಕೆಲಸವನ್ನು ಇದೇ ಕಾರಣದಿಂದ ಬಿಟ್ಟುಬಿಟ್ಟಳು. ಆ ಶನಿವಾರಗಳ ಹಣದಿಂದಲೇ ಇಲ್ಲಿ ಆಕೆಯ ತಮ್ಮನ ಕಾಲೇಜು ಶುಲ್ಕವು ಸಂದಾಯವಾಗುತ್ತಿತ್ತು. ಮನೆಯವರು ಸಾಲ ಮಾಡಿದ ಮೇಲೆ ವಿಷಯವು ನನ್ನ ಕಿವಿಗೆ ಬಿತ್ತು. ಆಕೆಯ ಸಂಬಳದ ಚೀಟಿಗಳನ್ನು ತರಿಸಿ ಲೆಕ್ಕ ಹಾಕಿ ನೋಡಿದರೆ, ಒಂದು ಪೌಂಡಾದರೂ ಹೆಚ್ಚಾಗಿ ವಸೂಲಾಗಿರಲಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನು ಲೆಕ್ಕಸಮೇತವಾಗಿ ವಿವರಿಸುವುದು ಯುಕ್ತವೆಂದು ತೋರಿತು.

ಮನುಷ್ಯರು ಹೊಟ್ಟೆ ಬಟ್ಟೆಗೆ ಬೇಕಾದಷ್ಟನ್ನು ಸಂಪಾದಿಸಿಕೊಳ್ಳುವ ತನಕ ಸರ್ಕಾರವು ಅವರ ವರಮಾನವನ್ನು ಮುಟ್ಟಬಾರದೆಂಬ ತತ್ತ್ವವು ಈ ತೆರಿಗೆಯಷ್ಟೇ ಹಳೆಯದು. 1799ರಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಪಿಟ್ಟನು ಯುದ್ಧದ ವೆಚ್ಚಕ್ಕಾಗಿ ಮೊದಲ ಬಾರಿಗೆ ವರಮಾನ ತೆರಿಗೆಯನ್ನು ವಿಧಿಸಿದಾಗ ವರ್ಷಕ್ಕೆ 60 ಪೌಂಡುಗಳಿಗಿಂತ ಕಡಿಮೆ ಆದಾಯವುಳ್ಳವರನ್ನು ಬಿಟ್ಟುಬಿಟ್ಟನು. 1860ರಲ್ಲಿ ಜೇಮ್ಸ್ ವಿಲ್ಸನ್ನನು ಭಾರತದಲ್ಲಿ ಈ ತೆರಿಗೆಯನ್ನು ತಂದಾಗಲೂ ವರ್ಷಕ್ಕೆ 200 ರೂಪಾಯಿಗಳೊಳಗಿನ ಆದಾಯವು ಮುಕ್ತವಾಗಿತ್ತು. ಬ್ರಿಟನ್ನಿನಲ್ಲಿ ಈಗ ಈ ಮುಕ್ತ ಭಾಗಕ್ಕೆ ‘ಪರ್ಸನಲ್ ಅಲೊವೆನ್ಸ್’ ಎಂದು ಹೆಸರು. ನಾವು ವೈಯಕ್ತಿಕ ವಿನಾಯಿತಿ ಎನ್ನೋಣ. ಅದರ ಮೊತ್ತವು 2021ನೇ ಏಪ್ರಿಲಿನಿಂದ 12,570 ಪೌಂಡುಗಳಾಗಿರುತ್ತದೆ. 2031ನೇ ಏಪ್ರಿಲಿನವರೆಗೆ ಅದನ್ನು ಏರಿಸದೆ ಇರುವುದಾಗಿ ಅಲ್ಲಿನ ಸರ್ಕಾರವು 2025ನೇ ನವೆಂಬರಿನಲ್ಲಿ ಪ್ರಕಟಿಸಿತು. ಬೆಲೆಗಳು ಏರಿದರೂ ವಿನಾಯಿತಿಯು ಏರದಿರುವಾಗ, ಕಾನೂನಿನಲ್ಲಿ ಒಂದಕ್ಷರವೂ ಬದಲಾಗದೆ ತೆರಿಗೆಯು ಹೆಚ್ಚಿದಂತೆಯೇ ಆಗುವುದೆಂಬುದನ್ನು ಮನೆವಾರ್ತೆ ನಡೆಸುವ ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ.

ಈ 12,570 ಪೌಂಡುಗಳ ಮೇಲಿನ ವರಮಾನಕ್ಕೆ, ಒಟ್ಟು 50,270 ಪೌಂಡುಗಳಾಗುವ ತನಕ ನೂರಕ್ಕೆ 20ರಂತೆಯೂ, ಅದಕ್ಕೂ ಮೇಲಿನದಕ್ಕೆ ನೂರಕ್ಕೆ 40ರಂತೆಯೂ, 1,25,140 ಪೌಂಡುಗಳಾಚೆಗೆ ನೂರಕ್ಕೆ 45ರಂತೆಯೂ ತೆರಿಗೆಯುಂಟು. ಸ್ಕಾಟ್ಲೆಂಡಿನಲ್ಲಿ ವಾಸಿಸುವವರಿಗೆ ವಿನಾಯಿತಿಯು ಇಷ್ಟೇ ಆದರೂ ದರಗಳು ಬೇರೆ. ಅಲ್ಲಿ ತೆರಿಗೆಯ ವರ್ಷವು ಏಪ್ರಿಲ್ 6ನೇ ತಾರೀಖಿನಿಂದ ಮುಂದಿನ ಏಪ್ರಿಲ್ 5ರ ವರೆಗೆ.

ಮುಖ್ಯವಾಗಿ ಗ್ರಹಿಸತಕ್ಕ ಸಂಗತಿಯೆಂದರೆ, ಈ ವಿನಾಯಿತಿಯು ನೌಕರಿಗೆ ಸೇರಿದ್ದಲ್ಲ, ನೌಕರಿ ಮಾಡುವವಳಿಗೆ ಸೇರಿದ್ದು. ನಮ್ಮ ಪಡಿತರ ಚೀಟಿಯನ್ನು ನೆನೆಯಿರಿ. ಚೀಟಿಯು ಒಂದು ಅಂಗಡಿಯಲ್ಲಿ ದಾಖಲಾಗಿರುತ್ತದೆ. ತಿಂಗಳ ಅಕ್ಕಿಯನ್ನು ಅಲ್ಲಿ ಪಡೆದ ಮೇಲೆ ಎರಡನೆಯ ಅಂಗಡಿಗೆ ಹೋದರೆ ಪೇಟೆಯ ಧಾರಣೆಯನ್ನೇ ಕೊಡಬೇಕು. ಎರಡನೆಯ ಅಂಗಡಿಯವನು ಅನ್ಯಾಯ ಮಾಡಿದನೆಂದು ಅದಕ್ಕೆ ಯಾರೂ ಹೇಳುವುದಿಲ್ಲ. ಒಬ್ಬಳು ಎರಡು ಕಡೆ ದುಡಿದರೂ, ಮೂರು ಕಡೆ ದುಡಿದರೂ ಆಕೆಗೆ ವಿನಾಯಿತಿಯು ಒಂದೇ.

ವಿನಾಯಿತಿಯು ಆಕೆಯದೇ ಎಂದೆನಷ್ಟೆ. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಈ ಮಾತನ್ನು ತುಸು ನಿಂತು ಹೇಳಬೇಕು. 1990ನೇ ಏಪ್ರಿಲ್ 6ರ ತನಕ ಬ್ರಿಟನ್ನಿನಲ್ಲಿ ಗಂಡನೊಡನೆ ವಾಸಿಸುವ ಸ್ತ್ರೀಯ ವರಮಾನವು ತೆರಿಗೆಯ ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯವಾಗಿ ಗಂಡನ ವರಮಾನವೆಂದೇ ಎಣಿಸಲ್ಪಡುತ್ತಿತ್ತು. ಲೆಕ್ಕಪತ್ರವನ್ನು ಒಪ್ಪಿಸತಕ್ಕವನು ಗಂಡ; ಹೆಂಡತಿಯ ಸಂಪಾದನೆಯ ವಿವರವನ್ನು ಅದರಲ್ಲಿ ತುಂಬತಕ್ಕವನೂ ಅವನೇ. ರಾತ್ರಿ ಪಾಳಿ ಮಾಡಿ ಸಂಬಳ ತರುವ ನರ್ಸಿಗೂ ಇದೇ ನಿಯಮವಿತ್ತು. ಆ ದಿನದಿಂದೀಚೆಗೆ ವಿವಾಹಿತ ಸ್ತ್ರೀಗೆ ಆಕೆಯದೇ ಆದ ವಿನಾಯಿತಿಯೂ ಆಕೆಯದೇ ಆದ ಲೆಕ್ಕವೂ ಉಂಟು. ಇಷ್ಟು ತಡವಾಗಿ ಬಂದ ಹಕ್ಕನ್ನು, “ಅದೆಲ್ಲ ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ” ಎಂದು ನಮ್ಮ ವಿದ್ಯಾವಂತ ಹೆಣ್ಣುಮಕ್ಕಳೇ ಹಿಂದಕ್ಕೆ ಕೊಟ್ಟುಬಿಡುವುದನ್ನು ಕಂಡರೆ ನನಗೆ ವಿಷಾದವಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ನರ್ಸಿಗೆ ಆಸ್ಪತ್ರೆಯಲ್ಲಿ ವರ್ಷಕ್ಕೆ 30,000 ಪೌಂಡು ಸಂಬಳ; ವಾರದ ಕೊನೆಯಲ್ಲಿ ಆರೈಕೆಯ ಗೃಹವೊಂದರಲ್ಲಿ ದುಡಿದು 6,000 ಪೌಂಡು ಗಳಿಸುವಳೆಂದು ಇಟ್ಟುಕೊಳ್ಳಿ. ಆಸ್ಪತ್ರೆಯವರು 12,570 ಪೌಂಡುಗಳನ್ನು ಬಿಟ್ಟು, ಉಳಿದ 17,430ಕ್ಕೆ ನೂರಕ್ಕೆ 20ರಂತೆ 3,486 ಪೌಂಡು ಹಿಡಿಯುವರು. ಆರೈಕೆಯ ಗೃಹದವರು ಏನನ್ನೂ ಬಿಡದೆ 6,000ಕ್ಕೂ ನೂರಕ್ಕೆ 20ರಂತೆ 1,200 ಪೌಂಡು ಹಿಡಿಯುವರು. ಒಟ್ಟು 4,686. ಅದೇ 36,000 ಪೌಂಡುಗಳನ್ನು ಆಕೆಯು ಒಂದೇ ಕಡೆ ಗಳಿಸಿದ್ದರೆ? 36,000ದಲ್ಲಿ 12,570ನ್ನು ಕಳೆದರೆ 23,430. ಅದಕ್ಕೆ ನೂರಕ್ಕೆ 20ರಂತೆ 4,686. ಎರಡೂ ಒಂದೇ! ಎರಡನೆಯ ಕಡೆಯ ಚೀಟಿಯನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಿದವಳಿಗೆ ಅಲ್ಲಿ ಐದರಲ್ಲೊಂದು ಪಾಲು ಹೋದಂತೆ ಕಾಣುವುದು; ಮೊದಲನೆಯ ಕಡೆಯಲ್ಲಿ ಎಂಟರಲ್ಲೊಂದು ಪಾಲೂ ಹೋಗಿಲ್ಲವಲ್ಲಾ ಎಂದು ಕೊರಗುವಳು. ಎರಡು ಚೀಟಿಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಕೊರಗಿಗೆ ಕಾರಣವಿಲ್ಲ.

ಇನ್ನೂ ಒಂದು ವಿಚಿತ್ರವುಂಟು. ವರಮಾನ ತೆರಿಗೆಯಲ್ಲದೆ ‘ನ್ಯಾಷನಲ್ ಇನ್ಶೂರೆನ್ಸ್’ ಎಂಬ ವಂತಿಗೆಯನ್ನೂ ಅಲ್ಲಿ ಸಂಬಳದಿಂದ ಹಿಡಿಯುವರು. ಇದರ ಲೆಕ್ಕವು ವ್ಯಕ್ತಿಯನ್ನು ನೋಡದೆ ನೌಕರಿಯನ್ನು ನೋಡುತ್ತದೆ. 2025-26ನೇ ವರ್ಷದಲ್ಲಿ ಒಂದೊಂದು ನೌಕರಿಯಲ್ಲಿಯೂ ತಿಂಗಳಿಗೆ 1,048 ಪೌಂಡುಗಳ ವರೆಗೆ ವಂತಿಗೆಯಿಲ್ಲ. ಅದರ ಮೇಲೆ ನೂರಕ್ಕೆ 8. ನಮ್ಮ ನರ್ಸು ಆರೈಕೆಯ ಗೃಹದಲ್ಲಿ ತಿಂಗಳಿಗೆ 500 ಪೌಂಡು ಪಡೆಯುವುದರಿಂದ ಅಲ್ಲಿ ವಂತಿಗೆಯೇ ಇಲ್ಲ. ಅದೇ 6,000 ಪೌಂಡುಗಳನ್ನು ಆಸ್ಪತ್ರೆಯಲ್ಲಿಯೇ ಹೆಚ್ಚಿನ ಪಾಳಿ ಮಾಡಿ ಗಳಿಸಿದ್ದರೆ 480 ಪೌಂಡು ವಂತಿಗೆ ಹೋಗುತ್ತಿತ್ತು. ಎಂದರೆ, ತೆರಿಗೆಯ ಭಯದಿಂದ ಎರಡನೆಯ ನೌಕರಿಯನ್ನು ಬಿಟ್ಟು ಮೊದಲನೆಯದರಲ್ಲಿಯೇ ಹೆಚ್ಚು ಹೊತ್ತು ದುಡಿಯುವವಳು ಲಾಭವನ್ನು ಬಿಟ್ಟು ನಷ್ಟವನ್ನು ಆರಿಸಿಕೊಳ್ಳುತ್ತಾಳೆ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ: ಒಂದು ಕಡೆಯಲ್ಲಾದರೂ (2025-26ನೇ ವರ್ಷದ ಲೆಕ್ಕದಂತೆ) ವಾರಕ್ಕೆ 125 ಪೌಂಡು ಬಾರದೆ ಇದ್ದರೆ, ಎರಡು ಮೂರು ಚಿಕ್ಕ ನೌಕರಿಗಳಿದ್ದರೂ ಆ ದುಡಿಮೆಯಿಂದ ಆ ವರ್ಷವು ಅಲ್ಲಿನ ವೃದ್ಧಾಪ್ಯ ವೇತನದ ಲೆಕ್ಕಕ್ಕೆ ಸೇರುವುದಿಲ್ಲ.

ಹಾಗಾದರೆ ಯಾವ ನೌಕರಿಗೆ ವಿನಾಯಿತಿ, ಯಾವುದಕ್ಕಿಲ್ಲ ಎಂದು ಸಂಬಳ ಕೊಡುವವರಿಗೆ ತಿಳಿಯುವುದು ಹೇಗೆ? 1944ರಿಂದ ಬ್ರಿಟನ್ನಿನಲ್ಲಿ ಸಂಬಳ ಕೊಡುವಾಗಲೇ ತೆರಿಗೆಯನ್ನು ಹಿಡಿಯುವ ಪದ್ಧತಿಯಿದೆ. ಅದಕ್ಕಾಗಿ ‘ಎಚ್.ಎಂ. ರೆವೆನ್ಯೂ ಅಂಡ್ ಕಸ್ಟಮ್ಸ್’ ಎಂಬ ತೆರಿಗೆಯ ಇಲಾಖೆಯು ಒಬ್ಬೊಬ್ಬರ ಒಂದೊಂದು ನೌಕರಿಗೂ ಒಂದು ಗುರುತನ್ನು ಕೊಡುತ್ತದೆ. ಸಂಬಳದ ಚೀಟಿಯಲ್ಲಿ ‘ಟ್ಯಾಕ್ಸ್ ಕೋಡ್’ ಎಂಬುದರ ಎದುರಿಗೆ ಅದು ಅಚ್ಚಾಗಿರುತ್ತದೆ. ‘1257 ಎಲ್’ ಎಂದಿದ್ದರೆ 12,570ರ ಕೊನೆಯ ಅಂಕೆಯನ್ನು ಬಿಟ್ಟು ಬರೆದದ್ದು. ಪೂರ್ಣ ವಿನಾಯಿತಿಯು ಇಲ್ಲಿಯೇ ಇದೆಯೆಂದು ಅರ್ಥ. ‘ಬಿ.ಆರ್.’ ಎಂದಿದ್ದರೆ ಇಲ್ಲಿ ವಿನಾಯಿತಿಯಿಲ್ಲ, ಎಲ್ಲಕ್ಕೂ ನೂರಕ್ಕೆ 20. ಎರಡನೆಯ ನೌಕರಿಯ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ‘ಡಿ 0’ ಎಂದರೆ ಎಲ್ಲಕ್ಕೂ ನೂರಕ್ಕೆ 40. ಕೊನೆಯಲ್ಲಿ ‘ಎಂ 1’ ಅಥವಾ ‘ಡಬ್ಲ್ಯು 1’ ಎಂದು ಸೇರಿದ್ದರೆ ಅದು ತಾತ್ಕಾಲಿಕ ಗುರುತು. ಇದರ ವಿಷಯದಲ್ಲಿ ಎಚ್ಚರಿಕೆ ಬೇಕು.

ಏಕೆಂದರೆ ಸಾಮಾನ್ಯ ಗುರುತಿನಲ್ಲಿ ವಿನಾಯಿತಿಯು ತಿಂಗಳಿಗೆ 1,047 ಪೌಂಡು 50 ಪೆನ್ಸಿನಂತೆ ಏಪ್ರಿಲಿನಿಂದಲೇ ಕೂಡುತ್ತ ಬರುತ್ತದೆ. ಬಳಸದೆ ಉಳಿದದ್ದು ಮುಂದಿನ ತಿಂಗಳಿಗೆ ದೊರೆಯುತ್ತದೆ. ಅಕ್ಟೋಬರಿನಲ್ಲಿ ಹೊಸದಾಗಿ ಹೋಗಿ ತಿಂಗಳಿಗೆ 2,500 ಪೌಂಡು ಪಡೆಯುವವಳಿಗೂ ಇಡೀ ವರ್ಷದ ವಿನಾಯಿತಿಯು ಸಲ್ಲುವುದರಿಂದ, ಜನವರಿಯ ತನಕ ಆಕೆಯ ಸಂಬಳದಿಂದ ವರಮಾನ ತೆರಿಗೆಯೇ ಹೋಗಬೇಕಾಗಿಲ್ಲ. ಮಾರ್ಚಿ ಕೊನೆಯವರೆಗೆ ಆರು ತಿಂಗಳಿಗೆ ಒಟ್ಟು 486 ಪೌಂಡು ಮಾತ್ರ. ತಾತ್ಕಾಲಿಕ ಗುರುತಿದ್ದರೆ ಹಿಂದಿನ ತಿಂಗಳುಗಳ ಉಳಿಕೆಯು ಸಿಕ್ಕದೆ, ತಿಂಗಳಿಗೆ 290 ಪೌಂಡು 50 ಪೆನ್ಸಿನಂತೆ 1,743 ಪೌಂಡು ಹೋಗುವುದು. ಹೊಸ ನಾಡಿನ ಚಳಿಗೆ ಅಂಗಿ ಹೊದಿಕೆಗಳನ್ನು ಕೊಂಡು, ಮನೆ ಬಾಡಿಗೆಯ ಮುಂಗಡ ಕೊಟ್ಟು ಕೈ ಬರಿದಾಗಿರುವ ಮೊದಲ ಆರು ತಿಂಗಳಲ್ಲಿ 1,257 ಪೌಂಡುಗಳ ಈ ವ್ಯತ್ಯಾಸವು ಅಲ್ಪವಲ್ಲ. ಹಣವು ಮುಳುಗಿಹೋಗುವುದಿಲ್ಲ, ಗುರುತು ಸರಿಯಾದ ಮೇಲೆ ಹಿಂದಕ್ಕೆ ಬರುತ್ತದೆ. ಆದರೆ ಬೇಕಾದ ಹೊತ್ತಿಗೆ ಕೈಯಲ್ಲಿರುವುದಿಲ್ಲ.

ಈ ಗುರುತುಗಳ ಸರಿತಪ್ಪುಗಳಿಗೆಲ್ಲ ಮೂಲವು ಕೆಲಸಕ್ಕೆ ಸೇರುವ ದಿನ ತುಂಬಿಕೊಡುವ ‘ಸ್ಟಾರ್ಟರ್ ಚೆಕ್‌ಲಿಸ್ಟ್’ ಎಂಬ ಒಂದು ನಮೂನೆ. ಅದರಲ್ಲಿ ಮೂರು ಹೇಳಿಕೆಗಳಿವೆ. ಏಪ್ರಿಲ್ 6ರಿಂದೀಚೆಗೆ ಇದೇ ನನ್ನ ಮೊದಲನೆಯ ನೌಕರಿ ಎಂಬುದು ‘ಎ’. ಈಗ ಇದೊಂದೇ ನೌಕರಿ, ಆದರೆ ಈ ವರ್ಷದಲ್ಲಿಯೇ ಮೊದಲು ಬೇರೊಂದಿತ್ತು ಎಂಬುದು ‘ಬಿ’. ಇದಲ್ಲದೆ ಈಗಲೂ ನನಗೆ ಇನ್ನೊಂದು ನೌಕರಿಯುಂಟು ಎಂಬುದು ‘ಸಿ’. ಗಡಿಬಿಡಿಯಲ್ಲಿ ಗೆಳತಿಯು ಹೇಳಿದ ಅಕ್ಷರಕ್ಕೆ ಗುರುತು ಹಾಕುವವರು ಬಹಳ ಮಂದಿ. ಆಸ್ಪತ್ರೆಯಲ್ಲಿ ಈಗಾಗಲೇ ಕೆಲಸದಲ್ಲಿದ್ದು ಆರೈಕೆಯ ಗೃಹದಲ್ಲಿ ‘ಎ’ ಎಂದು ಬರೆದುಕೊಟ್ಟವಳಿಗೆ ಎರಡು ಕಡೆಯೂ 1257 ಎಲ್ ದೊರೆಯಬಹುದು. ಆಗ ನಮ್ಮ ಮೇಲಿನ ಉದಾಹರಣೆಯ 6,000 ಪೌಂಡು ಪೂರ್ಣವಾಗಿ ಕೈಗೆ ಬರುವುದು. ಆಕೆಯು ಸಂತೋಷದಿಂದ ಊರಿಗೆ ಕಳುಹಿಸುವಳು. ವರ್ಷ ಮುಗಿದ ಮೇಲೆ ಇಲಾಖೆಯು ಎರಡು ಲೆಕ್ಕಗಳನ್ನೂ ಕೂಡಿಸಿ 1,200 ಪೌಂಡು ಬಾಕಿಯೆಂದು ತಿಳಿಸಿ, ಮುಂದೆ ಆಕೆಯ ವಿನಾಯಿತಿಯನ್ನು 6,570ಕ್ಕೆ ಇಳಿಸಿ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ವಸೂಲು ಮಾಡುವುದು. ಚೀಟಿಯಲ್ಲಿ ಆಗ ‘657 ಎಲ್’ ಎಂದು ಕಾಣುವುದು. ಇದನ್ನು ದಂಡವೆಂದು ತಿಳಿದು ಅತ್ತವರುಂಟು. ದಂಡವಲ್ಲ, ಕಳೆದ ವರ್ಷ ಎರಡು ಅಂಗಡಿಗಳಲ್ಲಿ ಪಡೆದ ಪಡಿತರದ ಬೆಲೆ.

ಇದಕ್ಕೆ ವಿರೋಧವಾದ ತೊಂದರೆಯು ಚಿಕ್ಕ ಚಿಕ್ಕ ನೌಕರಿಗಳನ್ನು ಮಾಡುವವರಿಗೆ, ಮುಖ್ಯವಾಗಿ ಓದುತ್ತಿರುವ ಹುಡುಗಿಯರಿಗೆ ಬರುವುದು. ಒಂದು ಕಡೆ 9,000, ಇನ್ನೊಂದು ಕಡೆ 6,000 ಪೌಂಡು ಪಡೆಯುವವಳ ಒಟ್ಟು ವರಮಾನ 15,000. ನ್ಯಾಯವಾಗಿ ಕೊಡಬೇಕಾದ ತೆರಿಗೆ 486 ಪೌಂಡು. ಆದರೆ ವಿನಾಯಿತಿಯೆಲ್ಲವೂ ಮೊದಲನೆಯ ಕಡೆಯಲ್ಲಿದ್ದು ಎರಡನೆಯದರಲ್ಲಿ ಬಿ.ಆರ್. ಇದ್ದರೆ ಮೊದಲನೆಯದರಲ್ಲಿ 3,570 ಪೌಂಡುಗಳ ವಿನಾಯಿತಿಯು ಬಳಕೆಯಾಗದೆ ಉಳಿಯುವುದು, ಎರಡನೆಯದರಲ್ಲಿ 1,200 ಹಿಡಿಯಲ್ಪಡುವುದು. 714 ಪೌಂಡು ಹೆಚ್ಚಾಯಿತು. ಇಂಥವಳು ಇಲಾಖೆಗೆ ತಿಳಿಸಿ ವಿನಾಯಿತಿಯನ್ನು ಎರಡು ಕಡೆಗೂ ಹಂಚಿಸಿಕೊಳ್ಳಬಹುದು. ಆಗ ಒಂದು ಕಡೆ 900 ಎಲ್, ಇನ್ನೊಂದು ಕಡೆ 357 ಎಲ್ ಎಂಬಂತೆ ಬರುವುದು. ಹಿಡಿಯುವ ತೆರಿಗೆಯೂ ಸರಿಯಾಗಿ 486ಕ್ಕೆ ನಿಲ್ಲುವುದು. ಹಂಚಿಸುವುದಕ್ಕೆ ಶುಲ್ಕವಿಲ್ಲ. ವಾರಕ್ಕೆ ಎಷ್ಟು ಗಂಟೆ ದುಡಿಯಬಹುದು, ಎರಡನೆಯ ನೌಕರಿಯನ್ನು ಮಾಡಬಹುದೇ ಎಂಬುದು ಮಾತ್ರ ತೆರಿಗೆಯ ವಿಷಯವಲ್ಲ, ವೀಸಾದ ವಿಷಯ. ತೆರಿಗೆಯನ್ನು ಸರಿಯಾಗಿ ಕೊಟ್ಟ ಮಾತ್ರಕ್ಕೆ ವೀಸಾದ ನಿಬಂಧನೆಯನ್ನು ಮೀರಲು ಅಪ್ಪಣೆ ಸಿಕ್ಕಿದಂತಾಗುವುದಿಲ್ಲ.

ಹೆಚ್ಚು ಸಂಬಳದವರ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಎರಡೂ ನೌಕರಿಗಳು ಕೂಡಿ 50,270 ಪೌಂಡುಗಳನ್ನು ದಾಟಿದರೆ ಬಿ.ಆರ್. ಗುರುತು ಸಾಲದಾಗಿ ವರ್ಷದ ಕೊನೆಯಲ್ಲಿ ಬಾಕಿ ನಿಲ್ಲುವುದು. ವರಮಾನವು 1,00,000 ಪೌಂಡುಗಳನ್ನು ಮೀರಿದರೆ ಮೇಲಿನ ಪ್ರತಿ 2 ಪೌಂಡಿಗೆ 1 ಪೌಂಡಿನಂತೆ ವಿನಾಯಿತಿಯೇ ಕರಗುತ್ತ ಬಂದು 1,25,140ರಲ್ಲಿ ಶೂನ್ಯವಾಗುವುದು. ನಮ್ಮ ವೈದ್ಯೆಯರಲ್ಲಿ ಕೆಲವರಿಗೆ ಇದು ಉಪಯೋಗಕ್ಕೆ ಬಂದೀತು.

ಕೇಳದೆ ಇದ್ದರೆ ಯಾರೂ ತಾವಾಗಿ ಕೊಡದಂಥ ಚಿಕ್ಕ ಸೌಲಭ್ಯಗಳು ಕೆಲವಿವೆ. ಸಮವಸ್ತ್ರವನ್ನು ಸ್ವಂತ ಖರ್ಚಿನಲ್ಲಿ ಒಗೆದುಕೊಳ್ಳುವ ನರ್ಸಿಗೆ ವರ್ಷಕ್ಕೆ 125 ಪೌಂಡುಗಳ ಮೇಲೆ ತೆರಿಗೆಯ ರಿಯಾಯಿತಿಯುಂಟು. ಉಳಿಯುವುದು 25 ಪೌಂಡೇ ಆದರೂ ವರ್ಷ ವರ್ಷವೂ ಉಳಿಯುತ್ತದೆ. ಗಂಡನಿಗಾಗಲಿ ಹೆಂಡತಿಗಾಗಲಿ ಸಂಪಾದನೆಯು 12,570ಕ್ಕಿಂತ ಕಡಿಮೆಯಿದ್ದು ಇನ್ನೊಬ್ಬರು ನೂರಕ್ಕೆ 20ರ ದರದಲ್ಲಿ ತೆರಿಗೆ ಕೊಡುವವರಾದರೆ, ಮೊದಲನೆಯವರು ತಮ್ಮ ವಿನಾಯಿತಿಯಲ್ಲಿ 1,260 ಪೌಂಡುಗಳನ್ನು ಅವರಿಗೆ ವರ್ಗಾಯಿಸಬಹುದು. ಮನೆಗೆ ವರ್ಷಕ್ಕೆ 252 ಪೌಂಡುಗಳ ತನಕ ಉಳಿಯುವುದು. ಹೆಂಡತಿಯು ನರ್ಸಾಗಿ ಹೋಗಿ, ಗಂಡನು ಕೆಲಸ ಸಿಕ್ಕುವ ತನಕ ಮಗುವನ್ನು ನೋಡಿಕೊಂಡಿರುವ ಕುಟುಂಬಗಳಿಗೆ ಇದು ಸರಿಯಾಗಿ ಒಪ್ಪುತ್ತದೆ. ಮನೆಯಲ್ಲಿ ಕನ್ನಡ ಪಾಠ ಹೇಳುವುದು, ಹಬ್ಬಕ್ಕೆ ಕುಸ್ವಾರು ಮಾಡಿ ಮಾರುವುದು ಮುಂತಾದ ಸ್ವಂತ ವ್ಯವಹಾರಗಳಿಂದ ವರ್ಷಕ್ಕೆ 1,000 ಪೌಂಡುಗಳ ವರೆಗೆ ಬರುವ ಹಣವು 2017ನೇ ಏಪ್ರಿಲಿನಿಂದ ಪ್ರತ್ಯೇಕವಾಗಿ ಮುಕ್ತವಾಗಿದೆ.

ಊರಿನಲ್ಲಿಯೇ ಇರುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಎರಡು ಕಡೆ ಕೆಲಸ ಮಾಡುವವರಿಗೆ, ಅಥವಾ ವರ್ಷದ ನಡುವೆ ಕೆಲಸ ಬದಲಾಯಿಸಿದವರಿಗೆ ನಮ್ಮ ದೇಶದಲ್ಲಿ ಬರುವ ತೊಂದರೆಯು ಬ್ರಿಟನ್ನಿನಲ್ಲಿ ‘ಎ’ ಎಂದು ತಪ್ಪಾಗಿ ಬರೆದವಳ ತೊಂದರೆಯೇ. ಇಲ್ಲಿ ಗುರುತುಗಳ ಪದ್ಧತಿಯಿಲ್ಲ. ನೀವು ಹೇಳದಿದ್ದರೆ ಇಬ್ಬರು ಧಣಿಗಳೂ ತಾವೊಬ್ಬರೇ ಎಂದು ತಿಳಿದು ಇಬ್ಬರೂ ಪೂರ್ಣ ವಿನಾಯಿತಿ ಕೊಡುವರು. 2025-26ನೇ ವರ್ಷದ ಹೊಸ ಪದ್ಧತಿಯಂತೆ ಎರಡು ಸಂಸ್ಥೆಗಳಿಂದ 7 ಲಕ್ಷ ರೂಪಾಯಿಗಳಂತೆ ಪಡೆದವಳಿಗೆ, 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ನೂ 12 ಲಕ್ಷದೊಳಗಿನವರ ರಿಯಾಯಿತಿಯೂ ಎರಡೆರಡು ಸಲ ಸಿಕ್ಕಿ, ಒಂದು ಕಡೆಯೂ ಒಂದು ರೂಪಾಯಿ ಹಿಡಿಯಲ್ಪಡದು. ಆದರೆ ಒಟ್ಟು 14 ಲಕ್ಷದಲ್ಲಿ ಆ 75,000ವನ್ನು ಒಂದೇ ಸಲ ಕಳೆದರೆ 13,25,000; ಅದಕ್ಕೆ ತೆರಿಗೆ 78,750, ಸೆಸ್ಸು ಸೇರಿ 81,900 ರೂಪಾಯಿ. ಜುಲೈ ತಿಂಗಳಲ್ಲಿ ಲೆಕ್ಕ ಸಲ್ಲಿಸಲು ಕುಳಿತಾಗ ಇದು ಬಡ್ಡಿಯೊಡನೆ ಎದುರಿಗೆ ನಿಲ್ಲುವುದು. ಒಂದು ಕಡೆಯ ಸಂಬಳದ ವಿವರವನ್ನು ಇನ್ನೊಂದು ಕಡೆಯವರಿಗೆ ಮೊದಲೇ ಕೊಟ್ಟು, ಅವರೇ ಒಟ್ಟು ಲೆಕ್ಕದಂತೆ ತಿಂಗಳು ತಿಂಗಳೂ ಹಿಡಿಯುವಂತೆ ಮಾಡಿಕೊಳ್ಳಲು ನಮ್ಮ ಕಾನೂನಿನಲ್ಲಿ ಅವಕಾಶವಿದೆ.

ಬ್ರಿಟನ್ನಿನಲ್ಲಿರುವವರು ಕಾಪಾಡಿಕೊಳ್ಳತಕ್ಕ ಕಾಗದಗಳು ಎರಡು: ವರ್ಷ ಮುಗಿದ ಮೇಲೆ ಮೇ 31ರೊಳಗಾಗಿ ಪ್ರತಿಯೊಂದು ನೌಕರಿಯವರೂ ಕೊಡಬೇಕಾದ ‘ಪಿ 60’, ಕೆಲಸ ಬಿಡುವಾಗ ಕೊಡುವ ‘ಪಿ 45’. ಎರಡನೆಯದನ್ನು ಹೊಸ ಕಡೆಯಲ್ಲಿ ತಪ್ಪದೆ ಒಪ್ಪಿಸಿದರೆ ತಾತ್ಕಾಲಿಕ ಗುರುತಿನ ಕಾಟವು ಬಹುಮಟ್ಟಿಗೆ ತಪ್ಪುವುದು. ಹಿಂದಿನ ನಾಲ್ಕು ತೆರಿಗೆ ವರ್ಷಗಳಲ್ಲಿ ಹೆಚ್ಚಾಗಿ ಹೋದ ಹಣವನ್ನು ಕೂಡ ಕೇಳಿ ಪಡೆಯಬಹುದು. ನಿಮ್ಮ ಹಣವನ್ನು ಬಿಡಿಸಿಕೊಡುತ್ತೇವೆಂದು ಜಾಹೀರಾತು ಕೊಟ್ಟು, ಬಂದುದರಲ್ಲಿ ದೊಡ್ಡ ಪಾಲನ್ನು ತಾವೇ ಇಟ್ಟುಕೊಳ್ಳುವ ಮಧ್ಯವರ್ತಿಗಳು ಅಲ್ಲಿ ಹೇರಳವಾಗಿದ್ದಾರೆ. ಇಲಾಖೆಯ ಅಂತರ್ಜಾಲ ತಾಣದಲ್ಲಿ ತನ್ನದೇ ಖಾತೆಯನ್ನು ತೆರೆದು, ಯಾವ ನೌಕರಿಗೆ ಯಾವ ಗುರುತಿದೆ ಎಂದು ನೋಡಿ, ತಪ್ಪಿದ್ದರೆ ತಿಳಿಸುವುದಕ್ಕೆ ಅರ್ಧ ಗಂಟೆ ಸಾಕು, ಖರ್ಚೇನೂ ಇಲ್ಲ. ಕೂಡುವ ಕಳೆಯುವ ಲೆಕ್ಕವನ್ನು ನಮ್ಮ ಎಂಟನೆಯ ತರಗತಿಯಲ್ಲಿ ದಾಟಿ ಹೋದವರಾರಿಗೂ ಅದು ಕಷ್ಟವಾಗದು.